ವಿದೇಶ ಪ್ರವಾಸಕ್ಕೆ ವಿಡಿಯೊ ಪ್ಲೇಯರ್, ಟ್ಯಾಬ್, ಚಾರ್ಜರ್: ಮನೆಯಲ್ಲೇ ಮುಗಿಸಬೇಕಾದ ಸಿದ್ಧತೆ

ಪರದೇಶದಲ್ಲಿ ಕೈಕೊಡುವ ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಹೆಚ್ಚಿನವು ಕೆಟ್ಟೇ ಇರುವುದಿಲ್ಲ. ಪ್ಲಗ್ ಸಾಕೆಟ್ಟಿಗೆ ಕೂರುವುದಿಲ್ಲ, ಡಿಸ್ಕನ್ನು ಪ್ಲೇಯರ್ ಓದುವುದಿಲ್ಲ, ಡೌನ್‌ಲೋಡ್ ಮಾಡಿಟ್ಟ ಸಿನಿಮಾ ತೆರೆಯುವುದಿಲ್ಲ, ಪವರ್ ಬ್ಯಾಂಕನ್ನು ಸೆಕ್ಯುರಿಟಿಯವರು ಬಿಡುವುದಿಲ್ಲ. ಈ ನಾಲ್ಕೂ ತೊಂದರೆಗಳನ್ನು ಹೊರಡುವ ವಾರ ಮೊದಲೇ ಮನೆಯಲ್ಲಿ ಕಂಡುಹಿಡಿಯಬಹುದು. ಅಲ್ಲಿಗೆ ಹೋದ ಮೇಲೆ ಗೊತ್ತಾದರೆ ಕಣ್ಣಿಗೆ ಬಿದ್ದ ಮೊದಲ ಅಂಗಡಿಯಲ್ಲಿ ಸಿಕ್ಕಿದ್ದನ್ನು ಕೊಳ್ಳಬೇಕಾಗುತ್ತದೆ, ಅದು ಹೊಂದುತ್ತದೆ ಎಂಬ ಖಾತ್ರಿಯೂ ಇರುವುದಿಲ್ಲ. ಡಿವಿಡಿ ಪ್ಲೇಯರ್, ಮೆಮೊರಿ ಕಾರ್ಡ್ ಹಾಕುವ ಪುಟ್ಟ ಪ್ಲೇಯರ್, ಟ್ಯಾಬ್, ಲ್ಯಾಪ್‌ಟಾಪ್, ಫೋನ್ ಯಾವುದೇ ಇರಲಿ, ಮೊದಲು ಕರೆಂಟ್, ಆಮೇಲೆ ಬ್ಯಾಟರಿ, ಆಮೇಲೆ ವಿಡಿಯೊ ಎಂಬ ಕ್ರಮದಲ್ಲಿ ನೋಡಿಕೊಂಡು ಬನ್ನಿ.

ಚಾರ್ಜರ್ ಮೇಲಿನ ಸಣ್ಣ ಅಕ್ಷರ

ಒಯ್ಯಲಿರುವ ಚಾರ್ಜರ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಒಂದೊಂದರ ಮೇಲೂ ಅಚ್ಚಾಗಿರುವ ‘ಇನ್‌ಪುಟ್’ ಸಾಲನ್ನು ಓದಿ. ಅಕ್ಷರ ತೀರಾ ಸಣ್ಣದಿರುತ್ತದೆ, ಬೂದು ಬಣ್ಣದಲ್ಲಿರುತ್ತದೆ. ಫೋನಿನ ಕ್ಯಾಮೆರಾದಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡುವುದು ಸುಲಭ. ‘100–240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ಆ ಚಾರ್ಜರ್ ಯಾವ ದೇಶದ ಮನೆ ಕರೆಂಟಿಗೂ ನಡೆಯುತ್ತದೆ, ಪ್ಲಗ್ಗಿನ ಆಕಾರ ಹೊಂದಿಸಿಕೊಂಡರೆ ಮುಗಿಯಿತು. ಫೋನ್, ಟ್ಯಾಬ್, ಲ್ಯಾಪ್‌ಟಾಪ್, ಕ್ಯಾಮೆರಾಗಳ ಚಾರ್ಜರ್ ಬಹುತೇಕ ಹೀಗೇ ಇರುತ್ತವೆ.

‘220–240’ ಎಂದಷ್ಟೇ ಅಥವಾ ‘120’ ಎಂದಷ್ಟೇ ಬರೆದಿದ್ದರೆ ಹೋಗುವ ದೇಶದ ವೋಲ್ಟೇಜ್ ತಿಳಿಯದೆ ಅದನ್ನು ಪೆಟ್ಟಿಗೆಗೆ ಹಾಕಬೇಡಿ. ಅಮೆರಿಕ, ಕೆನಡಾಗಳಲ್ಲಿ 120 ವೋಲ್ಟ್, 60 ಹರ್ಟ್ಸ್. ಜಪಾನಿನಲ್ಲಿ 100 ವೋಲ್ಟ್, ಅದರಲ್ಲೂ ದೇಶದ ಪೂರ್ವ ಭಾಗದಲ್ಲಿ 50 ಹರ್ಟ್ಸ್, ಪಶ್ಚಿಮ ಭಾಗದಲ್ಲಿ 60. ತೈವಾನ್ 110 ವೋಲ್ಟ್. ಯುರೋಪ್, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ 230 ವೋಲ್ಟ್, 50 ಹರ್ಟ್ಸ್. ದಕ್ಷಿಣ ಕೊರಿಯಾ 220 ವೋಲ್ಟ್, ಆದರೆ 60 ಹರ್ಟ್ಸ್. ಬ್ರೆಜಿಲ್‌ನಲ್ಲಿ ಊರಿಂದ ಊರಿಗೆ ಬದಲಾಗುತ್ತದೆ: ಕೆಲವೆಡೆ 127, ಕೆಲವೆಡೆ 220. ಅಲ್ಲಿ ಹೋಟೆಲಿನವರನ್ನು ಕೇಳಿಯೇ ಪ್ಲಗ್ ಹಾಕಬೇಕು.

120 ವೋಲ್ಟಿಗೆ ಮಾಡಿದ್ದನ್ನು 230ಕ್ಕೆ ಚುಚ್ಚಿದರೆ ಒಳಗಿನ ಫ್ಯೂಸ್ ಅಥವಾ ಕೆಪಾಸಿಟರ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ. 230ರದ್ದನ್ನು 120ಕ್ಕೆ ಹಾಕಿದರೆ ಸಾಮಾನ್ಯವಾಗಿ ಸುಡುವುದಿಲ್ಲ, ಕೆಲಸವನ್ನೂ ಮಾಡುವುದಿಲ್ಲ.

ಇಲ್ಲಿ ಜನ ಹೆಚ್ಚಾಗಿ ಎಡವುವುದು ಅಡಾಪ್ಟರ್, ಕನ್ವರ್ಟರ್ ಎರಡೂ ಒಂದೇ ಎಂದುಕೊಂಡು. ಟ್ರಾವೆಲ್ ಅಡಾಪ್ಟರ್ ಪಿನ್ನಿನ ಆಕಾರವನ್ನು ಬದಲಿಸುತ್ತದೆ ಅಷ್ಟೆ, ವೋಲ್ಟೇಜನ್ನು ಮುಟ್ಟುವುದಿಲ್ಲ. ಗೋಡೆಯಲ್ಲಿ 230 ಇದ್ದರೆ ಅಡಾಪ್ಟರಿನಿಂದಲೂ 230 ಬರುತ್ತದೆ. ಕನ್ವರ್ಟರ್ ಹೆಸರಿನಲ್ಲಿ ಸಿಗುವ ಹಗುರವಾದ ಡಬ್ಬಗಳಲ್ಲಿ ಹಲವು ಹೇರ್ ಡ್ರೈಯರ್, ಇಸ್ತ್ರಿಪೆಟ್ಟಿಗೆಯಂಥ ಬಿಸಿಯಾಗುವ ಸಾಮಾನಿಗೆಂದೇ ಮಾಡಿದವು. ಅವು ಕರೆಂಟಿನ ಅಲೆಯನ್ನು ಕತ್ತರಿಸಿ ಕೊಡುತ್ತವೆ, ಅಂಥ ಕರೆಂಟ್ ವಿಡಿಯೊ ಪ್ಲೇಯರ್ ಚಾರ್ಜರಿಗೆ ಹಾನಿ ಮಾಡಬಹುದು. ಸರಿಯಾದ ಟ್ರಾನ್ಸ್‌ಫಾರ್ಮರ್ ಎಲೆಕ್ಟ್ರಾನಿಕ್ಸ್‌ಗೆ ಒಗ್ಗುತ್ತದೆ, ಆದರೆ ಪ್ರವಾಸಕ್ಕೆ ಹೊತ್ತೊಯ್ಯಲಾಗದಷ್ಟು ಭಾರ. ಇವೆರಡನ್ನೂ ಬಿಟ್ಟು ಆ ಪ್ಲೇಯರಿಗೆ ಒಗ್ಗುವ, 100–240 ಇನ್‌ಪುಟ್ ಇರುವ ಬೇರೆ ಚಾರ್ಜರ್ ಕೊಳ್ಳುವುದೇ ಸರಿ.

ಹಳೆಯ ಮಾದರಿಯ ಡಿವಿಡಿ ಪ್ಲೇಯರ್‌ಗಳಿಗೆ ದುಂಡು ಪಿನ್ನಿನ ಚಾರ್ಜರ್ ಬರುತ್ತದೆ. ಅದಕ್ಕೆ ಬದಲಿ ಕೊಳ್ಳುವಾಗ ಈ ನಾಲ್ಕನ್ನು ಹೊಂದಿಸಿ:

- ಔಟ್‌ಪುಟ್ ವೋಲ್ಟೇಜ್ ಅದೇ ಇರಬೇಕು. 9 ವೋಲ್ಟ್ ಬೇಕಾದಲ್ಲಿ 12 ನಡೆಯುವುದಿಲ್ಲ.
- ಆಂಪಿಯರ್ ಅಷ್ಟೇ ಇರಬೇಕು ಅಥವಾ ಹೆಚ್ಚಿರಬೇಕು. 1.5 ಆಂಪಿಯರ್ ಬೇಕಾದ ಕಡೆ 2 ಆಂಪಿಯರ್ ಚಾರ್ಜರ್ ಕ್ಷೇಮ. 1 ಆಂಪಿಯರಿನದು ಬಿಸಿಯಾಗಿ, ಡಿಸ್ಕ್ ತಿರುಗಲು ಶುರುವಾದೊಡನೆ ಪ್ಲೇಯರ್ ಆಫ್ ಆಗುತ್ತದೆ.
- ಪಿನ್ನಿನ ನಡುಭಾಗ ಪ್ಲಸ್ಸೋ ಮೈನಸ್ಸೋ ನೋಡಿ. ಚಾರ್ಜರ್ ಮೇಲೂ ಪ್ಲೇಯರ್ ಮೇಲೂ ಒಂದು ಚುಕ್ಕಿ, ಅದರ ಸುತ್ತ ಅರ್ಧ ವೃತ್ತ ಇರುವ ಚಿಹ್ನೆ ಇರುತ್ತದೆ, ಎರಡೂ ತಾಳೆಯಾಗಬೇಕು.
- ಪಿನ್ ಸಡಿಲವಾಗಿ ಕೂರಬಾರದು. ಸಡಿಲವಿದ್ದರೆ ವಾಹನದ ಕುಲುಕಾಟಕ್ಕೆ ಪದೇಪದೇ ಆನ್-ಆಫ್ ಆಗುತ್ತಿರುತ್ತದೆ.

ಕಾರಿನಲ್ಲಿ ಓಡಿಸುವುದಾದರೆ ಇನ್ನೊಂದು ಮಾತು. 12 ವೋಲ್ಟಿನ ಕಾರಿನಲ್ಲಿ ಎಂಜಿನ್ ಓಡುವಾಗ 14 ವೋಲ್ಟಿನ ಮೇಲೆಯೇ ಬರುತ್ತದೆ. ಪ್ಲೇಯರಿನ ಜೊತೆ ಬಂದ ಕಾರ್ ಚಾರ್ಜರ್ ಅದನ್ನು ತಗ್ಗಿಸಿ ಕೊಡುತ್ತದೆ. ಬರೀ ವೈರ್ ಇರುವ ಅಗ್ಗದ ಜೋಡಣೆ ತಗ್ಗಿಸುವುದಿಲ್ಲ. ದೊಡ್ಡ ಬಸ್ಸು, ಲಾರಿಗಳಲ್ಲಿ 24 ವೋಲ್ಟ್ ಇರುತ್ತದೆ. ‘12–24’ ಎಂದು ಬರೆದಿರುವ ಕಾರ್ ಚಾರ್ಜರ್ ಮಾತ್ರ ಅಲ್ಲಿ ಬಳಸಿ.

ಪಿನ್ನುಗಳ ವಿಚಾರ

ಪ್ಲಗ್ ಮಾದರಿಗಳಿಗೆ ಇಂಗ್ಲಿಷ್ ಅಕ್ಷರಗಳ ಹೆಸರಿದೆ. ಅಮೆರಿಕ, ಕೆನಡಾ, ಜಪಾನ್, ತೈವಾನ್‌ಗಳಲ್ಲಿ ಎರಡು ಚಪ್ಪಟೆ ಪಿನ್ನಿನ ‘ಎ’, ಅದಕ್ಕೆ ಅರ್ಥ್ ಪಿನ್ ಸೇರಿದ ‘ಬಿ’. ಬ್ರಿಟನ್, ಐರ್ಲೆಂಡ್, ಸಿಂಗಪುರ, ಮಲೇಷ್ಯಾ, ಹಾಂಗ್‌ಕಾಂಗ್‌ಗಳಲ್ಲಿ ಮೂರು ದಪ್ಪ ಆಯತ ಪಿನ್ನಿನ ‘ಜಿ’. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಓರೆ ಪಿನ್ನಿನ ‘ಐ’. ಯುರೋಪಿನ ನಡುಭಾಗದಲ್ಲಿ ‘ಇ’ ಮತ್ತು ‘ಎಫ್’ ಸಾಕೆಟ್ಟುಗಳು. ಎರಡು ಸಣ್ಣ ದುಂಡು ಪಿನ್ನಿನ ‘ಸಿ’ ಪ್ಲಗ್ ಇವೆರಡಕ್ಕೂ ಕೂರುತ್ತದೆ, ಜೊತೆಗೆ ಸ್ವಿಟ್ಜರ್ಲೆಂಡಿನ ‘ಜೆ’, ಇಟಲಿಯ ‘ಎಲ್’, ಡೆನ್ಮಾರ್ಕಿನ ‘ಕೆ’, ಬ್ರೆಜಿಲ್‌ನ ‘ಎನ್’ ಸಾಕೆಟ್ಟುಗಳಿಗೂ ಕೂರುತ್ತದೆ. ಹಲವು ದೇಶ ಸುತ್ತುವವರಿಗೆ ಎರಡು ಪಿನ್ನಿನ ತೆಳು ‘ಸಿ’ ಅಡಾಪ್ಟರಷ್ಟು ಉಪಕಾರಿ ಇನ್ನೊಂದಿಲ್ಲ. ಅದರ ಮಿತಿ 2.5 ಆಂಪಿಯರ್, ಚಾರ್ಜರ್‌ಗಳಿಗೆ ಧಾರಾಳ ಸಾಕು, ಬಿಸಿ ಮಾಡುವ ಯಾವ ಸಾಮಾನಿಗೂ ಸಾಲದು.

ಎಲ್ಲ ದೇಶಕ್ಕೂ ಒಂದೇ ಎನ್ನುವ ಚೌಕ ಅಡಾಪ್ಟರ್ ಕೊಳ್ಳುವ ಮೊದಲು ಅದರ ಅಗಲ ನೋಡಿ. ‘ಎಫ್’ ಸಾಕೆಟ್ ಗೋಡೆಯೊಳಗೆ ದುಂಡಗೆ ತಗ್ಗಿರುತ್ತದೆ, ಸ್ವಿಸ್ ಸಾಕೆಟ್ ಆರು ಮೂಲೆಯ ಸಣ್ಣ ತಗ್ಗು. ಅಗಲ ಮೈಯ ಅಡಾಪ್ಟರ್ ಅದರೊಳಗೆ ಇಳಿಯುವುದಿಲ್ಲ, ಪಿನ್ನು ಅರ್ಧ ಮಾತ್ರ ಮುಟ್ಟಿ ಕಿಡಿ ಹಾರುತ್ತದೆ. ಭಾರದ ಚಾರ್ಜರನ್ನು ಅಡಾಪ್ಟರಿಗೆ ನೇರ ಸಿಕ್ಕಿಸಿದರೂ ತೂಕಕ್ಕೆ ಎರಡೂ ಗೋಡೆಯಿಂದ ಜಾರುತ್ತವೆ. ರಾತ್ರಿಯಿಡೀ ಚಾರ್ಜಿಗೆ ಹಾಕಿ ಬೆಳಿಗ್ಗೆ ನೋಡಿದರೆ ಸೊನ್ನೆ ಇರುವುದು ಬಹಳ ಸಲ ಇದರಿಂದಲೇ.

ಎರಡು ಪಿನ್ನಿನ ಅಡಾಪ್ಟರಿನಲ್ಲಿ ಅರ್ಥಿಂಗ್ ಇಲ್ಲ. ಲೋಹದ ಮೈಯ ಲ್ಯಾಪ್‌ಟಾಪನ್ನು ಹೀಗೆ ಚಾರ್ಜಿಗೆ ಹಾಕಿ ಮುಂಗೈ ಆನಿಸಿದರೆ ಜುಮ್ಮೆನ್ನುತ್ತದೆ. ಚಾರ್ಜರೊಳಗೆ ವಿದ್ಯುತ್ ಅಡಚಣೆ ತಗ್ಗಿಸಲು ಇಟ್ಟಿರುವ ಕೆಪಾಸಿಟರ್ ಮೂಲಕ ಸೋರುವ ಅತಿ ಸಣ್ಣ ಕರೆಂಟ್ ಅದು. ಸರಿಯಿರುವ ಅಸಲಿ ಚಾರ್ಜರಿನಲ್ಲಿ ಅಪಾಯಕರ ಮಟ್ಟಕ್ಕೆ ಹೋಗುವುದಿಲ್ಲ. ಆದರೆ ಟಿವಿಗೆ ಕೇಬಲ್ ಜೋಡಿಸುವಾಗ ಚಾರ್ಜರ್ ಕಿತ್ತಿಟ್ಟು ಜೋಡಿಸಿ, ಆಮೇಲೆ ಹಾಕಿ. ಆ ಸೋರಿಕೆ ಎಚ್‌ಡಿಎಂಐ ಜಾಕಿನ ಮೂಲಕ ಹರಿಯುವುದು ಬೇಡ.

ಮನೆಯಿಂದ ಮೂರು-ನಾಲ್ಕು ಸಾಕೆಟ್ಟಿನ ಎಕ್ಸ್‌ಟೆನ್ಷನ್ ಬೋರ್ಡ್ ಒಯ್ದರೆ ಅಡಾಪ್ಟರ್ ಒಂದೇ ಸಾಕಾಗುತ್ತದೆ, ಇದು ಒಳ್ಳೆಯ ಉಪಾಯ. ಷರತ್ತು ಎರಡು. ಬೋರ್ಡಿನ ಮೇಲೆ 250 ವೋಲ್ಟ್ ಎಂದಿರಬೇಕು, ಮತ್ತು ಅದು ಸರ್ಜ್, ಅಂದರೆ ಹಠಾತ್ತನೆ ಏರುವ ವೋಲ್ಟೇಜ್, ತಡೆಯುವ ಬಗೆಯದಾಗಿರಬಾರದು. 120 ವೋಲ್ಟಿನ ದೇಶಕ್ಕೆಂದು ಮಾಡಿದ ಸರ್ಜ್ ಬೋರ್ಡಿನೊಳಗಿನ ವೇರಿಸ್ಟರ್ 230 ವೋಲ್ಟನ್ನೇ ಸರ್ಜ್ ಎಂದು ತಿಳಿದು ಕರೆಂಟ್ ಎಳೆದುಕೊಳ್ಳುತ್ತದೆ. ಹೊಗೆ ಬಂದು ಬೆಂಕಿಯೂ ಹತ್ತಬಹುದು. ಕ್ರೂಸ್ ಹಡಗುಗಳಲ್ಲಿ ಸರ್ಜ್ ಬೋರ್ಡನ್ನು ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ.

ಹೋಟೆಲ್ ಕೋಣೆಯಲ್ಲಿ ಕೀ ಕಾರ್ಡ್ ತೆಗೆದೊಡನೆ ಹಲವು ಸಾಕೆಟ್ಟುಗಳ ಕರೆಂಟ್ ಹೋಗುತ್ತದೆ. ಹೊರಗೆ ಹೋಗುವಾಗ ಚಾರ್ಜಿಗೆ ಹಾಕಿಹೋಗಬೇಕಾದರೆ ಫ್ರಿಜ್ ಹಾಕಿರುವ ಸಾಲಿನ ಸಾಕೆಟ್ ಹುಡುಕಿ, ಅದು ಸಾಮಾನ್ಯವಾಗಿ ಉಳಿದಿರುತ್ತದೆ. ಸ್ನಾನದ ಕೋಣೆಯಲ್ಲಿ ಶೇವರ್ ಚಿತ್ರವಿರುವ ಸಾಕೆಟ್ ಬೇಡ. ಅದರ ಹಿಂದಿನ ಟ್ರಾನ್ಸ್‌ಫಾರ್ಮರ್ ಸುಮಾರು 20 ವ್ಯಾಟ್ ಮಾತ್ರ ತಡೆಯುತ್ತದೆ, ಟ್ಯಾಬ್ ಚಾರ್ಜರ್ ಹಾಕಿದರೆ ಕಟ್ ಆಗುತ್ತದೆ.

ಚಾರ್ಜರ್ ಒಂದು, ಕೇಬಲ್ ಎರಡು

ನಿಮ್ಮ ಸಾಮಾನೆಲ್ಲ ಯುಎಸ್‌ಬಿ-ಸಿ ಆಗಿದ್ದರೆ 65 ವ್ಯಾಟಿನ, ಎರಡು ಅಥವಾ ಮೂರು ಪೋರ್ಟಿನ ಪವರ್ ಡೆಲಿವರಿ ಚಾರ್ಜರ್ ಒಂದೇ ಸಾಕು. ಲ್ಯಾಪ್‌ಟಾಪ್ 45ರಿಂದ 65 ವ್ಯಾಟ್, ಟ್ಯಾಬ್ 20ರಿಂದ 30, ಫೋನ್ 20ರ ಆಸುಪಾಸು ಕೇಳುತ್ತವೆ. ಎರಡನೆಯ ಸಾಮಾನು ಸಿಕ್ಕಿಸಿದ ಕೂಡಲೇ ಚಾರ್ಜರ್ ವ್ಯಾಟನ್ನು ಹಂಚಿಬಿಡುತ್ತದೆ, 65 ಇದ್ದದ್ದು 45 ಮತ್ತು 20 ಆಗುತ್ತದೆ. ಲ್ಯಾಪ್‌ಟಾಪ್ ನಿಧಾನವಾಗಿ ಏರುತ್ತಿದೆ ಎನಿಸಿದರೆ ಮಿಕ್ಕ ಪೋರ್ಟ್ ಖಾಲಿ ಮಾಡಿ ನೋಡಿ.

ಕೇಬಲ್ಲಿನ ಮೇಲೂ ಗಮನವಿರಲಿ. ಸಾಮಾನ್ಯ ಯುಎಸ್‌ಬಿ-ಸಿ ಕೇಬಲ್ 60 ವ್ಯಾಟಿನವರೆಗೆ ಒಯ್ಯುತ್ತದೆ, ಅದಕ್ಕಿಂತ ಹೆಚ್ಚಿಗೆ ಗುರುತಿನ ಚಿಪ್ ಇರುವ ಕೇಬಲ್ ಬೇಕು. ಇನ್ನು ಕೆಲವು ಅಗ್ಗದ ಪ್ಲೇಯರ್‌ಗಳಲ್ಲಿ ಯುಎಸ್‌ಬಿ-ಸಿ ಜಾಕ್ ಇದ್ದರೂ ಎರಡೂ ತುದಿ ಸಿ ಇರುವ ಕೇಬಲ್‌ನಿಂದ ಚಾರ್ಜ್ ಆಗುವುದಿಲ್ಲ, ಒಂದು ತುದಿ ಹಳೆಯ ಅಗಲದ ಎ ಇರುವ ಕೇಬಲ್ಲೇ ಬೇಕು. ಜಾಕಿನೊಳಗೆ ಇರಬೇಕಾದ ಎರಡು ಪುಟ್ಟ ರೆಸಿಸ್ಟರ್‌ಗಳನ್ನು ತಯಾರಕರು ಖರ್ಚು ಉಳಿಸಲು ಹಾಕದೆ ಬಿಟ್ಟಿರುತ್ತಾರೆ. ಅವಿಲ್ಲದೆ ಚಾರ್ಜರಿಗೆ ಆ ಕಡೆ ಒಂದು ಸಾಮಾನಿದೆ ಎಂಬುದೇ ತಿಳಿಯುವುದಿಲ್ಲ. ಆದ್ದರಿಂದ ಒಯ್ಯುವ ಚಾರ್ಜರ್, ಒಯ್ಯುವ ಕೇಬಲ್‌ನಿಂದಲೇ ಎಲ್ಲ ಸಾಮಾನನ್ನೂ ಒಂದು ರಾತ್ರಿ ಮನೆಯಲ್ಲಿ ಚಾರ್ಜ್ ಮಾಡಿ ನೋಡಿ.

ಬ್ಯಾಟರಿ ಮತ್ತು ವಿಮಾನ

ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಇವು ಚೆಕ್-ಇನ್ ಬ್ಯಾಗಿನಲ್ಲಿ ಹೋಗಕೂಡದು, ಕೈಚೀಲದಲ್ಲೇ ಹೋಗಬೇಕು. ಲಿಥಿಯಂ ಬ್ಯಾಟರಿ ಒಳಗೆ ಶಾರ್ಟ್ ಆದರೆ ತನ್ನ ಬಿಸಿಯಿಂದ ತಾನೇ ಮತ್ತಷ್ಟು ಬಿಸಿಯಾಗುತ್ತ ಹೋಗುತ್ತದೆ. ಸರಕಿನ ಕೋಣೆಯ ಬೆಂಕಿ ಆರಿಸುವ ಅನಿಲ ಜ್ವಾಲೆಯನ್ನು ಅಡಗಿಸಬಹುದು, ಬ್ಯಾಟರಿಯೊಳಗಿನ ಆ ಕ್ರಿಯೆಯನ್ನು ನಿಲ್ಲಿಸಲಾರದು. ಕ್ಯಾಬಿನ್ನಿನಲ್ಲಾದರೆ ಸಿಬ್ಬಂದಿ ಕಣ್ಣಿಗೆ ಬೀಳುತ್ತದೆ, ನೀರು ಸುರಿದು ತಣಿಸಬಹುದು.

ಮಿತಿ ಲೆಕ್ಕ ಹಾಕುವುದು ವ್ಯಾಟ್-ಅವರ್‌ನಲ್ಲಿ. ಎಂಎಎಚ್ ಸಂಖ್ಯೆಯನ್ನು 3.7ರಿಂದ ಗುಣಿಸಿ 1,000ದಿಂದ ಭಾಗಿಸಿ. 10,000 ಎಂಎಎಚ್ ಅಂದರೆ 37 ವ್ಯಾಟ್-ಅವರ್, 20,000 ಅಂದರೆ 74, 27,000 ಅಂದರೆ 99.9, 30,000 ಅಂದರೆ 111. ನೂರರವರೆಗೆ ಸಾಮಾನ್ಯವಾಗಿ ಒಪ್ಪಿಗೆ ಬೇಡ. 100ರಿಂದ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದೂ ಎರಡಕ್ಕಿಂತ ಹೆಚ್ಚಿಲ್ಲ. 160 ಮೀರಿದ್ದು ಪ್ರಯಾಣಿಕರ ವಿಮಾನಕ್ಕೆ ಬರುವಂತೆಯೇ ಇಲ್ಲ. ಸಂಖ್ಯೆ ಅಳಿಸಿಹೋದ ಪವರ್ ಬ್ಯಾಂಕನ್ನು ಸೆಕ್ಯುರಿಟಿಯಲ್ಲಿ ತೆಗೆದಿಟ್ಟುಕೊಳ್ಳುವ ಹಕ್ಕು ಅವರಿಗಿದೆ, ಅಂಥದ್ದನ್ನು ಒಯ್ಯಬೇಡಿ. ಪ್ರವಾಸಕ್ಕೆ 20,000 ಎಂಎಎಚ್ ಸರಿಯಾದ ಅಳತೆ. ಅದರ 74ರಲ್ಲಿ ವೋಲ್ಟೇಜ್ ಬದಲಿಸುವಾಗಿನ ನಷ್ಟ ಕಳೆದು 60 ವ್ಯಾಟ್-ಅವರ್ ಸಿಕ್ಕರೂ 28 ವ್ಯಾಟ್-ಅವರ್ ಬ್ಯಾಟರಿಯ ಟ್ಯಾಬ್ ಎರಡು ಸಲ ತುಂಬುತ್ತದೆ.

2025ರಿಂದ ನಿಯಮಗಳು ಬಿಗಿಯಾಗಿವೆ. ಆ ವರ್ಷ ಜನವರಿಯಲ್ಲಿ ದಕ್ಷಿಣ ಕೊರಿಯಾದ ಗಿಮ್‌ಹೇ ನಿಲ್ದಾಣದಲ್ಲಿ ನಿಂತಿದ್ದ ವಿಮಾನಕ್ಕೆ ಬೆಂಕಿ ಹತ್ತಿದ ಬಳಿಕ ಆ ದೇಶ ಮಾರ್ಚ್ 1ರಿಂದ ಪವರ್ ಬ್ಯಾಂಕನ್ನು ತಲೆಮೇಲಿನ ಲಾಕರಿನಲ್ಲಿ ಇಡಬಾರದೆಂದಿತು. ಸಿಂಗಪುರ್ ಏರ್‌ಲೈನ್ಸ್ ಏಪ್ರಿಲ್ 1ರಿಂದ ವಿಮಾನದೊಳಗೆ ಪವರ್ ಬ್ಯಾಂಕ್ ಬಳಕೆ ನಿಲ್ಲಿಸಿತು. ಎಮಿರೇಟ್ಸ್ ಅಕ್ಟೋಬರ್ 1ರಿಂದ ಒಬ್ಬರಿಗೆ ಒಂದೇ ಎಂದೂ ಅದನ್ನು ವಿಮಾನದಲ್ಲಿ ಬಳಸಬಾರದೆಂದೂ ಹೇಳಿತು. ಚೀನಾ ತನ್ನ ಒಳನಾಡಿನ ವಿಮಾನಗಳಲ್ಲಿ ಅಲ್ಲಿನ ‘3ಸಿ’ ಸುರಕ್ಷತಾ ಮುದ್ರೆಯಿಲ್ಲದ ಪವರ್ ಬ್ಯಾಂಕುಗಳನ್ನು ಜೂನ್ 28ರಿಂದ ತಡೆದಿದೆ. ಟಿಕೆಟ್ ಕೊಂಡ ಸಂಸ್ಥೆಯದ್ದಷ್ಟೇ ಅಲ್ಲ, ನಡುವೆ ಬದಲಿಸುವ ವಿಮಾನದ ನಿಯಮವನ್ನೂ ಹೊರಡುವ ಹಿಂದಿನ ದಿನ ಓದಿ. ಹಾರಾಟದಲ್ಲಿ ಪವರ್ ಬ್ಯಾಂಕ್ ಇಲ್ಲವೆಂದೇ ಲೆಕ್ಕ ಹಾಕಿ, ಪ್ಲೇಯರನ್ನು ಪೂರ್ತಿ ತುಂಬಿಸಿಕೊಂಡು ಹತ್ತಿ.

ಬಿಡಿ ಬ್ಯಾಟರಿಯ ತುದಿಗಳಿಗೆ ಟೇಪ್ ಅಂಟಿಸಿ ಅಥವಾ ಒಂದೊಂದನ್ನೂ ಬೇರೆಬೇರೆ ಪ್ಲಾಸ್ಟಿಕ್ ಚೀಲದಲ್ಲಿಡಿ, ಕೀಲಿಗೊಂಚಲು, ಚಿಲ್ಲರೆ ತಾಗಬಾರದು. ಉಬ್ಬಿದ ಬ್ಯಾಟರಿಯಿರುವ ಪ್ಲೇಯರ್ ಮನೆಯಲ್ಲೇ ಉಳಿಯಲಿ. ಸೆಕ್ಯುರಿಟಿಯಲ್ಲಿ ಸಾಮಾನನ್ನು ಆನ್ ಮಾಡಿ ತೋರಿಸಲು ಹೇಳಬಹುದು. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಇದು 2014ರಿಂದ ಇದೆ. ಚಾರ್ಜಿಲ್ಲದ ಟ್ಯಾಬ್ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಹಾರಾಟದಲ್ಲಿ ಫೋನೋ ಪ್ಲೇಯರೋ ಸೀಟಿನ ಸಂದಿಗೆ ಬಿದ್ದರೆ ಸೀಟನ್ನು ಹಿಂದೆ-ಮುಂದೆ ಸರಿಸಲೇಬೇಡಿ. ಸೀಟಿನ ಲೋಹದ ತೋಳಿಗೆ ಸಿಕ್ಕಿ ಬ್ಯಾಟರಿ ನುಜ್ಜುಗುಜ್ಜಾದರೆ ಅಲ್ಲೇ ಬೆಂಕಿ. ಗುಂಡಿ ಒತ್ತಿ ಸಿಬ್ಬಂದಿಯನ್ನು ಕರೆಯಿರಿ, ತೆಗೆಯುವ ಕ್ರಮ ಅವರಿಗೆ ಗೊತ್ತಿದೆ.

ಫೈಲುಗಳನ್ನು ಸಿದ್ಧ ಮಾಡುವುದು

ನಿಮ್ಮದೇ ವಿಡಿಯೊಗಳನ್ನು, ನಕಲು ತಡೆಯುವ ಬೀಗವಿಲ್ಲದ ಫೈಲುಗಳನ್ನು ಕಾರ್ಡಿಗೆ ಹಾಕಿ ಒಯ್ಯುವುದೇ ಎಲ್ಲಕ್ಕಿಂತ ನೆಚ್ಚಿಕೆಯ ದಾರಿ. ಇಂಟರ್‌ನೆಟ್ ಬೇಡ, ಅವಧಿ ಮುಗಿಯುವುದಿಲ್ಲ, ದೇಶ ಬದಲಾದರೂ ಚಿಂತೆಯಿಲ್ಲ. ಇದಕ್ಕೆ ಮೊದಲು ಕಾರ್ಡ್ ಸರಿಯಾಗಿರಬೇಕು. 32 ಜಿಬಿವರೆಗಿನ ಕಾರ್ಡುಗಳು ಫ್ಯಾಟ್32 ಎಂಬ ವ್ಯವಸ್ಥೆಯಲ್ಲಿ ಬರುತ್ತವೆ, ಅದರ ಮೇಲಿನವು ಎಕ್ಸ್‌ಫ್ಯಾಟ್‌ನಲ್ಲಿ. ಫ್ಯಾಟ್32ರಲ್ಲಿ 4 ಜಿಬಿ ಮೀರಿದ ಫೈಲ್ ಕೂರುವುದಿಲ್ಲ. ಜಾಗ ಇದ್ದರೂ ಕಾಪಿ ಆಗುತ್ತಿಲ್ಲ ಎಂಬ ದೂರಿಗೆ ಕಾರಣ ಇದೇ. ಹಳೆಯ ಪ್ಲೇಯರ್‌ಗಳಲ್ಲಿ ಹಲವು 32 ಜಿಬಿಗಿಂತ ದೊಡ್ಡ ಕಾರ್ಡನ್ನು ಗುರುತಿಸುವುದೇ ಇಲ್ಲ. ಅಂಥವಕ್ಕೆ 128 ಜಿಬಿಯ ಒಂದು ಕಾರ್ಡಿಗಿಂತ 32 ಜಿಬಿಯ ನಾಲ್ಕು ಕಾರ್ಡು ಒಳ್ಳೆಯದು. ಒಂದು ಕಳೆದರೂ ಮೂರು ಉಳಿಯುತ್ತವೆ.

ಫೈಲಿನ ಗಾತ್ರವನ್ನು ಮೊದಲೇ ಲೆಕ್ಕ ಹಾಕಬಹುದು: ಬಿಟ್‌ರೇಟನ್ನು (ಒಂದು ಸೆಕೆಂಡಿನ ವಿಡಿಯೊಗೆ ಬೇಕಾಗುವ ಬಿಟ್‌ಗಳು) ಸೆಕೆಂಡಿನಿಂದ ಗುಣಿಸಿ 8ರಿಂದ ಭಾಗಿಸಿದರೆ ಆಯಿತು. 2 ಗಂಟೆಯ ಸಿನಿಮಾ 7,200 ಸೆಕೆಂಡ್. 720ಪಿ ಗಾತ್ರದಲ್ಲಿ 2 ಮೆಗಾಬಿಟ್ ವಿಡಿಯೊ, ಜೊತೆಗೆ ಸ್ಟೀರಿಯೊ ಆಡಿಯೊ ಸೇರಿ ಸುಮಾರು 1.9 ಜಿಬಿ. ಅಂದರೆ 64 ಜಿಬಿ ಕಾರ್ಡಿನಲ್ಲಿ 30 ಸಿನಿಮಾ. 1080ಪಿಯಲ್ಲಿ 5 ಮೆಗಾಬಿಟ್ ಇಟ್ಟರೆ ಒಂದೊಂದೂ 4.5 ಜಿಬಿ ದಾಟುತ್ತದೆ, ಫ್ಯಾಟ್32 ಕಾರ್ಡಿಗೆ ಹಿಡಿಸುವುದೇ ಇಲ್ಲ. 7ರಿಂದ 10 ಇಂಚಿನ ಪರದೆಯಲ್ಲಿ 720ಪಿಗೂ 1080ಪಿಗೂ ಕಣ್ಣಿಗೆ ಗೊತ್ತಾಗುವ ವ್ಯತ್ಯಾಸ ಕಡಿಮೆ, 720ಪಿಯೇ ಸಾಕು.

ಪರಿವರ್ತನೆಗೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್ ಚೆನ್ನಾಗಿದೆ. ಫೈಲ್ ತೆರೆದು, ಪ್ರೀಸೆಟ್‌ಗಳಲ್ಲಿ ‘ಫಾಸ್ಟ್ 720ಪಿ30’ ಆರಿಸಿ. ಫಾರ್ಮ್ಯಾಟ್ ಎಂಪಿ4 ಇರಲಿ, ವಿಡಿಯೊ ಎನ್‌ಕೋಡರ್ ಎಚ್.264, ಗುಣಮಟ್ಟದ ಆರ್‌ಎಫ್ ಸಂಖ್ಯೆ 22. ಆರ್‌ಎಫ್ ಹೆಚ್ಚಿದಷ್ಟೂ ಫೈಲ್ ಚಿಕ್ಕದು, ಚಿತ್ರ ಒರಟು. 26 ದಾಟಿದರೆ ಕತ್ತಲ ದೃಶ್ಯಗಳಲ್ಲಿ ಚೌಕಗಳು ಏಳುತ್ತವೆ. ಆಡಿಯೊ ವಿಭಾಗದಲ್ಲಿ ಎಎಸಿ, ಸ್ಟೀರಿಯೊ, 128 ಅಥವಾ 160 ಕೆಬಿಪಿಎಸ್ ಆರಿಸಿ. ಆಡಿಯೊವನ್ನು ಮೂಲದಲ್ಲಿದ್ದಂತೆ ಡಿಟಿಎಸ್ ಅಥವಾ ಎಸಿ3 ಆಗಿ ಬಿಟ್ಟರೆ ಎಷ್ಟೋ ಟ್ಯಾಬ್‌ಗಳಲ್ಲಿ ಚಿತ್ರ ಓಡುತ್ತದೆ, ದನಿ ಬರುವುದಿಲ್ಲ.

ಎಚ್.265 ಆರಿಸಿದರೆ ಫೈಲ್ ಅರ್ಧದಷ್ಟಾಗಬಹುದು, ಆಸೆ ಹುಟ್ಟುವುದು ಸಹಜ. ಆದರೆ ಅದನ್ನು ಬಿಡಿಸುವ ಹಾರ್ಡ್‌ವೇರ್ ಇಲ್ಲದ ಸಾಮಾನಿನಲ್ಲಿ ಪ್ರೊಸೆಸರೇ ಹೆಣಗಬೇಕು. ಚಿತ್ರ ತಡವರಿಸುತ್ತದೆ, ಬೆನ್ನು ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಖಾಲಿ. ಡಿವಿಡಿ ಪ್ಲೇಯರಿನ ಯುಎಸ್‌ಬಿ ಜಾಕ್ ಇನ್ನೂ ಹಳೆಯ ಕಾಲದ್ದು, ಹಲವು ಎವಿಐ ಫೈಲಿನ ಡಿವ್‌ಎಕ್ಸ್, ಎಕ್ಸ್‌ವಿಡ್ ಅಥವಾ ಎಂಪೆಗ್ ಎಂಬ ಹಳೆಯ ವಿಡಿಯೊ ಬಗೆಗಳನ್ನು ಮಾತ್ರ ಓದುತ್ತವೆ, ಅದೂ 720×576ರ ಒಳಗೆ. ಮ್ಯಾನ್ಯುಯಲ್ಲಿನ ಫಾರ್ಮ್ಯಾಟ್ ಪಟ್ಟಿ ನೋಡಿ, ಐದು ನಿಮಿಷದ ತುಣುಕೊಂದನ್ನು ಪರಿವರ್ತಿಸಿ, ಅದು ಓಡಿದ ಮೇಲೆಯೇ ಉಳಿದವನ್ನು ಸಾಲಿಗೆ ಹಾಕಿ. ಇಡೀ ರಾತ್ರಿ ಕಂಪ್ಯೂಟರ್ ಓಡಿಸಿದ ಮೇಲೆ ಒಂದೂ ಓಡದಿರುವುದು ಈ ಐದು ನಿಮಿಷ ಉಳಿಸಲು ಹೋದಾಗಲೇ.

ಸಬ್‌ಟೈಟಲ್ ಬೇಕಿದ್ದರೆ ಎಸ್‌ಆರ್‌ಟಿ ಫೈಲಿಗೆ ವಿಡಿಯೊದ ಹೆಸರೇ ಕೊಟ್ಟು ಅದೇ ಫೋಲ್ಡರಿನಲ್ಲಿಡಿ, ಯುಟಿಎಫ್-8ರಲ್ಲಿ ಸೇವ್ ಮಾಡಿ. ಕನ್ನಡ ಸಬ್‌ಟೈಟಲ್ ಪುಟ್ಟ ಪ್ಲೇಯರ್‌ಗಳಲ್ಲಿ ಡಬ್ಬಿಗಳ ಸಾಲಾಗಿ ಕಾಣುವುದುಂಟು, ಒತ್ತಕ್ಷರ ಒಡೆದು ಬಿಡಿಬಿಡಿಯಾಗಿ ಬರುವುದೂ ಉಂಟು. ಅವುಗಳಲ್ಲಿ ನಮ್ಮ ಲಿಪಿಯ ಫಾಂಟ್ ಇರುವುದಿಲ್ಲ. ಹ್ಯಾಂಡ್‌ಬ್ರೇಕಿನ ಸಬ್‌ಟೈಟಲ್ ವಿಭಾಗದಲ್ಲಿ ‘ಬರ್ನ್ ಇನ್’ ಗುರುತು ಹಾಕಿದರೆ ಅಕ್ಷರ ಚಿತ್ರದೊಳಗೇ ಅಚ್ಚಾಗುತ್ತದೆ, ಆಮೇಲೆ ಎಲ್ಲಿ ಓಡಿಸಿದರೂ ಸರಿಯಾಗಿ ಕಾಣುತ್ತದೆ. ಪುಟ್ಟ ಪರದೆಗೆಂದು ಅಕ್ಷರವನ್ನು ಸ್ವಲ್ಪ ದೊಡ್ಡದೇ ಇಡಿ.

ಸ್ಟ್ರೀಮಿಂಗ್ ಆ್ಯಪಿನ ಡೌನ್‌ಲೋಡ್

ಇದು ನಿಮ್ಮ ಕೈಯಲ್ಲಿರುವ ಫೈಲಲ್ಲ, ಅವಧಿ ಕಟ್ಟಿದ ಅನುಮತಿ. ಬಹಳ ಸೇವೆಗಳಲ್ಲಿ ನೋಡಲು ಶುರು ಮಾಡಿದ ಮೇಲೆ 48 ಗಂಟೆಯೊಳಗೆ ಮುಗಿಸಬೇಕು. ಕೆಲವು ಸಿನಿಮಾಗಳ ಅನುಮತಿ ಡೌನ್‌ಲೋಡ್ ಮಾಡಿದ ವಾರದೊಳಗೇ ತೀರುತ್ತದೆ. ದೇಶ ಬದಲಾಗಿ ಆ್ಯಪ್ ಒಮ್ಮೆ ಇಂಟರ್‌ನೆಟ್ಟಿಗೆ ಸೇರಿದರೆ ಅಲ್ಲಿ ಹಕ್ಕಿಲ್ಲದ ಸಿನಿಮಾಗಳು ತೆರೆಯದೆ ನಿಲ್ಲಬಹುದು, ಅವಧಿ ಮುಗಿದದ್ದನ್ನು ಅಲ್ಲಿ ನವೀಕರಿಸಲೂ ಆಗದಿರಬಹುದು. ಯುರೋಪಿಯನ್ ಒಕ್ಕೂಟದೊಳಗೆ ಮಾತ್ರ 2018ರ ಏಪ್ರಿಲ್ 1ರಿಂದ ನಿಯಮ ಬೇರೆ. ಅಲ್ಲಿನ ಒಂದು ದೇಶದಲ್ಲಿ ಹಣ ಕೊಟ್ಟು ಚಂದಾದಾರರಾದವರು ಒಕ್ಕೂಟದ ಇನ್ನೊಂದು ದೇಶಕ್ಕೆ ತಾತ್ಕಾಲಿಕವಾಗಿ ಹೋದಾಗ ತಮ್ಮ ಊರಿನ ಪಟ್ಟಿಯನ್ನೇ ನೋಡಬಹುದು.

ಹಾಗಾಗಿ ಡೌನ್‌ಲೋಡನ್ನು ಹೊರಡುವ ಹಿಂದಿನ ದಿನ ಮಾಡಿ, ವಾರ ಮೊದಲು ಬೇಡ. ಆಮೇಲೆ ಏರೋಪ್ಲೇನ್ ಮೋಡ್ ಹಾಕಿ, ಆ್ಯಪನ್ನು ಪೂರ್ತಿ ಮುಚ್ಚಿ, ಮತ್ತೆ ತೆರೆದು ಪ್ರತಿಯೊಂದನ್ನೂ ಹತ್ತು ಸೆಕೆಂಡ್ ಓಡಿಸಿ. ಮಾಡದೆ ಬಿಟ್ಟ ಲಾಗಿನ್, ಮಕ್ಕಳ ಪ್ರೊಫೈಲಿನಲ್ಲಿ ಸಿಗದ ಡೌನ್‌ಲೋಡ್, ಅರ್ಧಕ್ಕೆ ನಿಂತ ಫೈಲ್ ಎಲ್ಲ ಆಗಲೇ ಹೊರಬೀಳುತ್ತವೆ. ಹತ್ತು ಸೆಕೆಂಡ್ ಓಡಿಸಿದರೂ 48 ಗಂಟೆಯ ಗಡಿಯಾರ ಶುರುವಾಗುತ್ತದೆ, ಹಿಂದಿನ ದಿನವೇ ಮಾಡಬೇಕೆನ್ನಲು ಅದೂ ಒಂದು ಕಾರಣ. ಹೋಗಿಬರುವ ದಾರಿ ಎರಡಕ್ಕೂ ಆ್ಯಪನ್ನೇ ನೆಚ್ಚಬೇಡಿ, ಹಿಂತಿರುಗುವಾಗಿನ ಹಾರಾಟಕ್ಕೆ ಕಾರ್ಡಿನ ಫೈಲುಗಳಿರಲಿ. ಸಾಮಾನಿನ ಗಡಿಯಾರವನ್ನು ಕೈಯಿಂದ ತಿರುಗಿಸಬೇಡಿ. ತಾರೀಖು ತಪ್ಪಿದರೆ ಅನುಮತಿ ಪರಿಶೀಲನೆ ಸೋತು ಸಿನಿಮಾ ತೆರೆಯುವುದಿಲ್ಲ.

ಡಿಸ್ಕ್ ಒಯ್ಯುವವರಿಗೆ

ಡಿವಿಡಿಗಳಿಗೆ ಪ್ರಾಂತ್ಯ ಸಂಖ್ಯೆಯಿದೆ. ಅಮೆರಿಕ, ಕೆನಡಾ 1, ಯುರೋಪ್, ಜಪಾನ್, ಮಧ್ಯಪ್ರಾಚ್ಯ, ದಕ್ಷಿಣ ಆಫ್ರಿಕಾ 2, ಆಗ್ನೇಯ ಏಷ್ಯಾ, ದಕ್ಷಿಣ ಕೊರಿಯಾ 3, ಆಸ್ಟ್ರೇಲಿಯಾ, ಲ್ಯಾಟಿನ್ ಅಮೆರಿಕ 4, ಭಾರತ, ರಷ್ಯಾ, ಆಫ್ರಿಕಾದ ಹೆಚ್ಚಿನ ಭಾಗ 5, ಚೀನಾ 6. ಪ್ರವಾಸದಲ್ಲಿ ಕೊಂಡ ಡಿಸ್ಕ್ ಮನೆಯ ಪ್ಲೇಯರಿನಲ್ಲಿ ಓಡದಿರುವುದು ಇದರಿಂದ. ಡಿಸ್ಕ್ ಡಬ್ಬಿಯ ಬೆನ್ನ ಮೇಲೆ ಭೂಗೋಳದ ಚಿತ್ರದೊಳಗೆ ಸಂಖ್ಯೆ ಇರುತ್ತದೆ, ‘ಆಲ್’ ಅಥವಾ ‘0’ ಇದ್ದರೆ ಎಲ್ಲೆಡೆ ನಡೆಯುತ್ತದೆ. ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲಿ ಪ್ರಾಂತ್ಯವನ್ನು 5 ಸಲ ಮಾತ್ರ ಬದಲಿಸಬಹುದು, ಐದನೆಯದು ಶಾಶ್ವತ. ಬ್ಲೂ-ರೇಗೆ ಎ, ಬಿ, ಸಿ ಎಂಬ ಮೂರೇ ಭಾಗ. ಪಾಲ್, ಎನ್‌ಟಿಎಸ್‌ಸಿ ಎಂಬ ಟಿವಿ ಪದ್ಧತಿಗಳ ಭೇದ ಪ್ಲೇಯರಿನ ಸ್ವಂತ ಪರದೆಯಲ್ಲಿ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಹಳೆಯ ಟಿವಿಗೆ ಹಳದಿ-ಕೆಂಪು-ಬಿಳಿ ವೈರಿನಲ್ಲಿ ಜೋಡಿಸಿದಾಗ ಚಿತ್ರ ಕಪ್ಪುಬಿಳುಪಾಗಿ ಉರುಳಿದರೆ ಮೆನುವಿನಲ್ಲಿ ಟಿವಿ ಸಿಸ್ಟಂ ಬದಲಿಸಿ.

ಸೀಟಿನಲ್ಲಿ, ಹೋಟೆಲಿನಲ್ಲಿ

ಸೀಟಿನ ಯುಎಸ್‌ಬಿ ಸಾಕೆಟ್ಟಿನಲ್ಲಿ ಬರುವ ಶಕ್ತಿ ಬಹಳ ಸಲ 2.5ರಿಂದ 5 ವ್ಯಾಟ್. ಓಡುತ್ತಿರುವ ಟ್ಯಾಬ್ ಅದಕ್ಕಿಂತ ಹೆಚ್ಚು ತಿನ್ನುತ್ತದೆ, ಚಾರ್ಜಿನಲ್ಲಿದ್ದೂ ಇಳಿಯುತ್ತ ಹೋಗುತ್ತದೆ. ಪರದೆಯ ಬೆಳಕು ಅರ್ಧಕ್ಕೆ ಇಳಿಸುವುದು, ವೈಫೈ ಆಫ್ ಮಾಡುವುದು ನಿಜಕ್ಕೂ ಗಂಟೆಗಳನ್ನು ಉಳಿಸುತ್ತದೆ. ಬ್ಲೂಟೂತ್ ಇಯರ್‌ಫೋನ್ 5-6 ಗಂಟೆಗೆ ಮುಗಿಯುತ್ತದೆ, 12 ಗಂಟೆಯ ಹಾರಾಟಕ್ಕೆ 3.5 ಮಿಲಿಮೀಟರ್ ವೈರಿನ ಇಯರ್‌ಫೋನ್ ಒಂದು ಜೊತೆಗಿರಲಿ. ವಿಮಾನದ ಪರದೆಗೆ ಹಾಕಿದಾಗ ಒಂದೇ ಕಿವಿಗೆ ಕೇಳಿಸಿದರೆ ಅದು ಎರಡು ತೂತಿನ ಜಾಕ್, ಎರಡು ಪಿನ್ನಿನ ಪುಟ್ಟ ಅಡಾಪ್ಟರ್ ಬೇಕು. ಇಬ್ಬರು ಮಕ್ಕಳು ಒಂದೇ ಪ್ಲೇಯರ್ ನೋಡುವುದಾದರೆ ಸ್ಪ್ಲಿಟರ್ ಒಯ್ಯಿರಿ, ಮಕ್ಕಳ ಹೆಡ್‌ಫೋನ್ 85 ಡೆಸಿಬಲ್ ಮಿತಿಯದಿರಲಿ.

ವಿಮಾನದಲ್ಲೂ ಹಡಗಿನಲ್ಲೂ ಏರೋಪ್ಲೇನ್ ಮೋಡ್ ತೆಗೆಯಬೇಡಿ. ಕೆಲವು ವಿಮಾನ, ಹಡಗುಗಳಲ್ಲಿ ಉಪಗ್ರಹಕ್ಕೆ ಜೋಡಿಸಿದ ಮೊಬೈಲ್ ಜಾಲವಿರುತ್ತದೆ. ಫೋನ್ ತಾನಾಗಿ ಅದನ್ನು ಹಿಡಿದು ಫೋಟೊ ಬ್ಯಾಕಪ್, ಆ್ಯಪ್ ಅಪ್‌ಡೇಟ್ ಶುರು ಮಾಡಿದರೆ ಬಿಲ್ ದೊಡ್ಡದಾಗಿ ಬರುತ್ತದೆ. ಇಸಿಮ್ ಬಳಸುವವರು ಅದನ್ನು ಮನೆಯ ವೈಫೈಯಲ್ಲೇ ಹಾಕಿಕೊಂಡು ಹೊರಡಿ.

ಹೋಟೆಲಿನ ಟಿವಿಗೆ ಜೋಡಿಸಲು 2 ಮೀಟರಿನ ಎಚ್‌ಡಿಎಂಐ ಕೇಬಲ್ ಬೇಕು, 1 ಮೀಟರ್ ಗೋಡೆಯ ಟಿವಿಯಿಂದ ಮೇಜಿಗೆ ತಲುಪುವುದಿಲ್ಲ. ಯುಎಸ್‌ಬಿ-ಸಿ ಇರುವ ಎಲ್ಲ ಫೋನೂ ಚಿತ್ರವನ್ನು ಹೊರಗೆ ಕೊಡುವುದಿಲ್ಲ, ಮನೆಯ ಟಿವಿಯಲ್ಲಿ ನೋಡಿಯೇ ಅಡಾಪ್ಟರ್ ಒಯ್ಯಿರಿ. ಕೆಲವು ಆ್ಯಪುಗಳ ಸಿನಿಮಾ ಟಿವಿಯಲ್ಲಿ ಕಪ್ಪು ಪರದೆಯಾಗಿ ಬರುತ್ತದೆ, ದನಿ ಮಾತ್ರ ಕೇಳುತ್ತದೆ. ಅದು ನಕಲು ತಡೆಯುವ ಬೀಗ, ಕೇಬಲ್ ಬದಲಿಸಿದರೆ ಹೋಗುವುದಿಲ್ಲ. ಸ್ಟ್ರೀಮಿಂಗ್ ಸ್ಟಿಕ್‌ಗಳಲ್ಲಿ ಕೆಲವಕ್ಕೆ ಕೋಣೆ ಸಂಖ್ಯೆ ಕೇಳುವ ಹೋಟೆಲ್ ವೈಫೈ ಪುಟವನ್ನು ತೆರೆಯಲು ಬ್ರೌಸರ್ ಇರುವುದಿಲ್ಲ. ಫೋನಿನ ಹಾಟ್‌ಸ್ಪಾಟ್ ಅಥವಾ ಪುಟ್ಟ ಟ್ರಾವೆಲ್ ರೂಟರ್ ಮೂಲಕ ಜೋಡಿಸಿದರೆ ಆ ತೊಡಕು ತೀರುತ್ತದೆ. ಹೊರಡುವಾಗ ಹೋಟೆಲ್ ಟಿವಿಯಲ್ಲಿ ಮಾಡಿದ ಲಾಗಿನ್‌ಗಳಿಂದ ಲಾಗ್‌ಔಟ್ ಆಗಿ.

ಚಳಿ, ಸೆಕೆ, ಎತ್ತರ

ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಪ್ಲೇಯರ್ ಬಳಸಬಹುದು, ಚಾರ್ಜ್ ಮಾತ್ರ ಮಾಡಬೇಡಿ. ಆ ಚಳಿಯಲ್ಲಿ ಚಾರ್ಜ್ ಮಾಡಿದರೆ ಬ್ಯಾಟರಿಯೊಳಗೆ ಲಿಥಿಯಂ ಲೋಹವಾಗಿ ಕಟ್ಟಿಕೊಂಡು ಶಾಶ್ವತ ಹಾನಿಯಾಗುತ್ತದೆ. ಒಳಗೆ ತಂದು ಬೆಚ್ಚಗಾದ ಮೇಲೆ ಹಾಕಿ. ಒಳಗೆ ಹಾರ್ಡ್ ಡಿಸ್ಕ್ ತಿರುಗುವ ಹಳೆಯ ಪ್ಲೇಯರ್‌ಗಳಿಗೆ ಸುಮಾರು 3,000 ಮೀಟರ್ ಎತ್ತರದ ಮಿತಿಯಿರುತ್ತದೆ, ಏಕೆಂದರೆ ಓದುವ ತಲೆ ಗಾಳಿಯ ಪದರದ ಮೇಲೆ ತೇಲುತ್ತದೆ, ತೆಳು ಗಾಳಿಯಲ್ಲಿ ಡಿಸ್ಕಿಗೆ ತಾಗುತ್ತದೆ. ವಿಮಾನದ ಕ್ಯಾಬಿನ್ ಒತ್ತಡ ಸುಮಾರು 2,400 ಮೀಟರಿಗೆ ಸಮ, ಅಲ್ಲಿ ಭಯವಿಲ್ಲ. 3,600 ಮೀಟರ್ ಮೇಲಿರುವ ಲಾ ಪಾಸ್, ಲ್ಹಾಸಾದಂಥ ಊರುಗಳಿಗೆ ಮೆಮೊರಿ ಕಾರ್ಡಿನ ಪ್ಲೇಯರ್ ಒಯ್ಯಿರಿ.

ಎ.ಸಿ. ಕೋಣೆಯಿಂದ ಬೆವರಿಳಿಯುವ ಸೆಕೆಗೆ ಸಾಮಾನನ್ನು ಒಮ್ಮೆಗೇ ತಂದರೆ ಲೆನ್ಸ್ ಮೇಲೂ ಡಿಸ್ಕ್ ಓದುವ ಕಣ್ಣಿನ ಮೇಲೂ ಮಂಜು ಕಟ್ಟುತ್ತದೆ, ಡಿವಿಡಿ ಪ್ಲೇಯರ್ ‘ನೋ ಡಿಸ್ಕ್’ ಎನ್ನುತ್ತದೆ. ಹೊರಡುವ ಮೊದಲು ಕೋಣೆಯಲ್ಲೇ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಾಳಿಯಾಡದಂತೆ ಮುಚ್ಚಿ. ಹೊರಗೆ ಬಂದು ಅರ್ಧ ಗಂಟೆ ಚೀಲ ಬಿಚ್ಚಬೇಡಿ. ಆಗಲೇ ಮಂಜು ಕಟ್ಟಿದ್ದರೆ ಡಿಸ್ಕ್ ತೆಗೆದು, ಪ್ಲೇಯರ್ ಆಫ್ ಮಾಡಿ, ಮುಚ್ಚಳ ತೆರೆದು ಒಂದೆರಡು ಗಂಟೆ ನೆರಳಿನಲ್ಲಿಡಿ. ಬೇಗ ಒಣಗಲೆಂದು ಹೇರ್ ಡ್ರೈಯರ್ ಹಿಡಿದರೆ ಲೆನ್ಸ್ ಕೂರಿಸಿದ ಅಂಟು ಸಡಿಲಾಗುತ್ತದೆ.